ಹತ್ತು ಹೆಜ್ಜೆ ಉಳಿಸಿದ ಕಥೆ

ಮೈಸೂರು ಜಿಲ್ಲೆಯಲ್ಲಿ ಎರಡು ಹೆಮ್ಮಿಗೆಗಳಿವೆ. ನಂಜನಗೂಡು ತಾಲ್ಲೂಕಿನದು ನಮ್ಮಕ್ಕನನ್ನು ಕೊಟ್ಟಿರುವ ಊರು. ತಿರುಮಕೂಡಲು ನರಸೀಪುರ ತಾಲ್ಲೂಕಿನದು, ತಲಕಾಡಿನ ಹತ್ತಿರ ಕಾವೇರಿ ದಡದ್ದು, ನನ್ನದು. ಹೆಸರು ಒಂದೇ ಆದ್ದರಿಂದ ಅವರ ಮನೆಯ ಲಗ್ನಪತ್ರಿಕೆ ನಮಗೂ, ನಮ್ಮ ಬ್ಯಾಂಕಿನ ನೋಟೀಸು ಅವರಿಗೂ ಹೋಗಿರುವುದುಂಟು. ಎರಡನೆಯದೇ ಹೆಚ್ಚು ಸಲ ಎಂದು ಭಾವ ಹೇಳುತ್ತಾರೆ.

ನನಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನ ಪರದೆಯನ್ನು ಎನ್‌ವಿಡಿಎ ಎಂಬ ತಂತ್ರಾಂಶ ಓದಿ ಹೇಳುತ್ತದೆ. ನನ್ನ ಹಾಗೆಯೇ ಕಣ್ಣು ಕಾಣದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದ್ದು. ಬಿಡಿಗಾಸು ಕೊಡಬೇಕಿಲ್ಲ. ಕನ್ನಡ ಓದುವ ಧಾಟಿ ಮಾತ್ರ ನೆಗಡಿ ಹಿಡಿದ ಕಂಡಕ್ಟರು ಸ್ಟಾಪಿನ ಹೆಸರು ಕೂಗಿದಂತೆ. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಕಡತ ತೆರೆದರಂತೂ ಮೈಮೇಲೆ ದೇವರು ಬಂದ ಹಾಗೆ ಏನೇನೋ ಒದರುತ್ತದೆ.

ಒಂದು ದಿನ ಅದು ಇದ್ದಕ್ಕಿದ್ದಂತೆ ಮೂಕವಾಯಿತು. ಅರ್ಧ ದಿನ ಒದ್ದಾಡಿದೆ. ಆಮೇಲೆ ತಿಳಿಯಿತು: ಇನ್ಸರ್ಟ್ ಕೀಲಿಯ ಜೊತೆ ಎಸ್ ಅಮುಕಿ ಅದರ ಬಾಯಿಗೆ ಬೀಗ ಹಾಕಿದ್ದವನು ನಾನೇ. ಆದರೆ ಅಷ್ಟರಲ್ಲಿ ಕೋಪ ಹದಕ್ಕೆ ಬಂದಿತ್ತು, ವ್ಯರ್ಥ ಮಾಡಲು ಮನಸ್ಸಾಗಲಿಲ್ಲ. ತಂತ್ರಾಂಶವನ್ನೇ ಎದುರಿಗೆ ನಿಲ್ಲಿಸಿಕೊಂಡು ಉಗಿಯುವಂಥ ಲೇಖನ ಬರೆಯಲು ಕೂತೆ.

ಲೇಖನಗಳೆಲ್ಲ ಇರುವುದು ಒಳಕೋಣೆಯ ಹಳೆಯ ಕಂಪ್ಯೂಟರಿನಲ್ಲಿ. ನಾನಿರುವುದು ಪಡಸಾಲೆಯಲ್ಲಿ, ಲ್ಯಾಪ್‌ಟಾಪ್ ಜೊತೆ. ನಡುವೆ ಹತ್ತು ಹೆಜ್ಜೆ. ಎನ್‌ವಿಡಿಎಯ 2025.1ನೇ ಆವೃತ್ತಿಯಿಂದ ಒಂದು ಯಂತ್ರದಲ್ಲಿ ಕೂತು ಇನ್ನೊಂದನ್ನು ಆಳುವ ಸೌಲಭ್ಯ ಒಳಗೇ ಸೇರಿದೆ; ಮೊದಲು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಮಾಮೂಲಿ ದಾರಿಯಲ್ಲಾದರೆ ನಾನು ಪಡಸಾಲೆಯಲ್ಲಿ ಒತ್ತಿದ ‘ಅ’ ಎಲ್ಲೋ ದೂರದ ಸರ್ವರಿಗೆ ಹೋಗಿ ಒಳಕೋಣೆಗೆ ವಾಪಸು ಬರುತ್ತದೆ. ಅಂದು ಮಳೆಗೆ ಇಂಟರ್ನೆಟ್ ಸತ್ತಿತ್ತು. ಮನೆಯ ವೈಫೈ ಡಬ್ಬಿ ಬದುಕಿತ್ತು. ಒಳಕೋಣೆಯ ಯಂತ್ರವನ್ನೇ ಸರ್ವರ್ ಮಾಡಿ, 6837ನೇ ಪೋರ್ಟಿನ ಬಾಗಿಲು ತೆಗೆಸಿ, ಲ್ಯಾಪ್‌ಟಾಪಿನಲ್ಲಿ 192.168 ಎಂದು ಶುರುವಾಗುವ ಮನೆಯೊಳಗಿನ ವಿಳಾಸ ಕೊಟ್ಟೆ. ಟುಣ್ ಎಂದು ಕೂಡಿಕೊಂಡಿತು. ಈ ಏರ್ಪಾಡಿಗೆ ಹಿಡಿದದ್ದು ಎರಡು ಗಂಟೆ. ಅದಕ್ಕಾಗಿ ಒಳಕೋಣೆಗೆ ಹನ್ನೊಂದು ಸಲ ನಡೆದಿದ್ದೆ.

“ರೀ, ಅಲ್ಲೇ ಕೂತು ಬರಿಯೋಕೆ ನಿಮಗೇನ್ ಬಂದಿತ್ತು?” ಎಂದಳು ಹೆಂಡತಿ. ಹೆಂಗಸರಿಗೆ ನೆಟ್‌ವರ್ಕ್ ಅರ್ಥವಾಗುವುದಿಲ್ಲ ಎಂದುಕೊಂಡೆ. ಜೋರಾಗಿ ಅಂದುಕೊಳ್ಳಲಿಲ್ಲ.

ಇಲ್ಲೊಂದು ತೊಡಕಿದೆ. ಆ ಯಂತ್ರ ಹೇಳುವುದನ್ನೂ ಈ ಯಂತ್ರದ ಧ್ವನಿಯೇ ಓದುತ್ತದೆ. ಇಬ್ಬರ ಮಾತು ಒಂದೇ ಬಾಯಲ್ಲಿ. ಮೊದಲ ಸಾಲು ಮುಗಿಸುವಷ್ಟರಲ್ಲಿ ಕರೆಂಟ್ ಹೋಯಿತು. ಒಳಕೋಣೆಯ ಯಂತ್ರಕ್ಕೆ ಯುಪಿಎಸ್ ಇದೆ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ವೈಫೈ ಡಬ್ಬಿಗೆ ಮಾತ್ರ ಯಾರೂ ಗತಿಯಿಲ್ಲ. ಅದು ಸತ್ತಿತು, ಸಂಪರ್ಕ ಕಡಿಯಿತು. ಕಡಿದಾಗ ಎನ್‌ವಿಡಿಎ ಪ್ರಾಮಾಣಿಕವಾಗಿ ಸದ್ದು ಮಾಡಿತ್ತು. ಯುಪಿಎಸ್ಸಿನ ಕೀಂ ಕೀಂನಲ್ಲಿ ನನಗೆ ಕೇಳಲಿಲ್ಲ. ಕೀಲಿಮಣೆ ಸದ್ದಿಲ್ಲದೆ ಲ್ಯಾಪ್‌ಟಾಪಿನ ಪಾಲಾಯಿತು. ಅಲ್ಲಿ ತೆರೆದು ಬಿಟ್ಟಿದ್ದದ್ದು ಮನೆಯವರ ವಾಟ್ಸಾಪ್ ಗುಂಪು. ನಾನೋ ಸ್ಫೂರ್ತಿಯಲ್ಲಿದ್ದೆ. ಸಾಲಿಗೊಂದು ಎಂಟರ್.

“ನಿನ್ನನ್ನು ನಂಬಿ ಕೆಟ್ಟೆವು.”

“ಮಾತಾಡು ಅಂದಾಗ ಬಾಯಿ ಬಿಡುವುದಿಲ್ಲ, ನಾಲ್ಕು ಜನರೆದುರು ಬಾಯಿ ಮುಚ್ಚುವುದಿಲ್ಲ.”

“ಬಿಟ್ಟಿ ಸಿಗುತ್ತೀಯ ಎಂದು ಮನೆಗೆ ಸೇರಿಸಿಕೊಂಡೆವು, ಈಗ ಅನುಭವಿಸುತ್ತಿದ್ದೇವೆ.”

ಮೂರನೆಯದಕ್ಕೆ ನಾನೇ ನಕ್ಕೆ.

ಇಂಟರ್ನೆಟ್ ಇಲ್ಲದ್ದರಿಂದ ಮೂರೂ ಬಸ್ಸಿಗೆ ಕಾದವರಂತೆ ಸಾಲಾಗಿ ನಿಂತಿದ್ದವು. ರಾತ್ರಿ ಒಂಬತ್ತಕ್ಕೆ ಕರೆಂಟೂ ಇಂಟರ್ನೆಟ್ಟೂ ಒಟ್ಟಿಗೆ ಬಂದವು, ಮೂರೂ ಹೊರಟವು. ಅವುಗಳ ಮೇಲೆ, ಗುಂಪಿನ ಹಿಂದಿನ ಸಂದೇಶವಾಗಿ ಇದ್ದದ್ದು ಭಾವ ಬೆಳಿಗ್ಗೆ ಹಾಕಿದ್ದ ಚಿತ್ರ. ನನಗೆ ‘ಫೋಟೋ’ ಎಂದಷ್ಟೇ ಓದಿ ಹೇಳಿದ್ದರಿಂದ ಗಮನಿಸಿರಲಿಲ್ಲ. ಊರಿನ ಹಾಲಿನ ಡೈರಿಗೆ ನಿರ್ದೇಶಕರಾಗಿ ಗೆದ್ದು, ಪೇಟ ಸುತ್ತಿ, ಹಾರ ಹಾಕಿಸಿಕೊಂಡು ತೆಗೆಸಿದ್ದಂತೆ. ಭಾವ ನಮ್ಮಕ್ಕನನ್ನು ವರದಕ್ಷಿಣೆ ಬೇಡವೆಂದು ಮದುವೆಯಾದವರು ಎಂಬುದೂ, ಅವರನ್ನು ನಾನು ಹುಟ್ಟಿದಾಗಿನಿಂದ ಬಹುವಚನದಲ್ಲೇ ಮಾತಾಡಿಸಿದವನು ಎಂಬುದೂ ಆ ಗುಂಪಿನ ಮೂವತ್ತೊಂದು ಜನಕ್ಕೂ ಗೊತ್ತು.

ಉತ್ತರಗಳು ಬಂದವು. ಎನ್‌ವಿಡಿಎ ಒಂದನ್ನೂ ಬಿಡದೆ, ಒಂದೇ ಏರಿಳಿತವಿಲ್ಲದೆ, ಕೋಪದ ಮುಖಗಳನ್ನೂ ಎಣಿಸಿಕೊಂಡು ಓದಿತು. ಅಂದಿನಷ್ಟು ನಂಬಿಕಸ್ಥವಾಗಿ ಅದು ಎಂದೂ ಕೆಲಸ ಮಾಡಿರಲಿಲ್ಲ. ಅಕ್ಕ ಫೋನೆತ್ತಲಿಲ್ಲ. ಒಳಕೋಣೆಗೆ ಕಾಲಲ್ಲೇ ನಡೆದು ಹೋಗಿ ನೋಡಿದರೆ ಕಡತದಲ್ಲಿ ಲೇಖನದ ಮೊದಲ ಸಾಲು ಮಾತ್ರ ಇತ್ತು: “ಎಲೈ ತಂತ್ರಾಂಶವೇ.”

ಬೆಳಗಿನ ಜಾವಕ್ಕೇ ಬಾಗಿಲು ಬಡಿಯಿತು. ನಂಜನಗೂಡಿನ ಕಡೆಯಿಂದ ಮೊದಲ ಬಸ್ಸು ಬರಲು ಇನ್ನೂ ಹೊತ್ತಿತ್ತು. ಬೈಕಿನಲ್ಲೇ ಬಂದಿದ್ದಾರೆ.

“ಭಾವ, ಅದು ನಿಮಗೆ ಬರ್ದಿದ್ದಲ್ಲ, ಕಂಪ್ಯೂಟರಿಗೆ...” ಎಂದೆ.

“ಬಾಯ್ ಬುಡಕಿಲ್ಲ ಅಂದಿದ್ಯಲ್ಲ,” ಎಂದರು ಭಾವ ಚಪ್ಪಲಿ ಬಿಡುತ್ತ, “ಬುಡಾಕೆ ಅಂತ್ಲೇ ಬಂದಿವ್ನಿ ಕನಪ್ಪ, ಕೂತ್ಕೋ.”