ಅಧ್ಯಕ್ಷರು ಸಿನಿಮಾ ನೋಡಿದ್ದಾರೆ

ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ಯಾರ ಕಾದಂಬರಿಯ ಮೇಲೆ ಸಂವಾದ ಇಟ್ಟರೂ ಅಧ್ಯಕ್ಷತೆಗೆ ಇವರೇ. ಒಲ್ಲೆ ಅನ್ನುವ ಅಭ್ಯಾಸ ಅವರಿಗಿಲ್ಲ. ಇಸ್ತ್ರಿ ಮಾಡಿದ ಜುಬ್ಬಾ, ಕಂಕುಳಲ್ಲಿ ಹೊಸ ಪುಸ್ತಕ. ಅದರೊಳಗೆ ಗುರುತಿಗೆ ಇಟ್ಟಿರುವುದು ಆಮಂತ್ರಣ ಪತ್ರಿಕೆ, ತಮ್ಮ ಹೆಸರು ಮೇಲೆ ಕಾಣುವಂತೆ ಮಡಿಸಿದ್ದು. ಅದು ಮುನ್ನುಡಿ ದಾಟಿದ್ದನ್ನು ಕಂಡವರಿಲ್ಲ.

ಮಾತು ಶುರುವಾಗುವುದು ತಾಯಿಯಿಂದ. "ನಮ್ಮ ತಾಯಿಯವರು ಒಲೆ ಮುಂದೆ ಕೂತು ತ್ರಿವೇಣಿಯವರನ್ನ ಓದೋರು, ಸಾರು ಸೀದುಹೋಗೋದು." ಎಷ್ಟು ಸಭೆಯೋ ಅಷ್ಟು ಸಲ ಆ ಸಾರು ಸೀದಿದೆ. ಆಮೇಲೆ 'ಶರಪಂಜರ'. ಕಾದಂಬರಿಯಲ್ಲ, ಪುಟ್ಟಣ್ಣ ಕಣಗಾಲರ ಚಿತ್ರ. ಕಲ್ಪನಾ ಕಣ್ಣು, ಕಲ್ಪನಾ ಸೀರೆ, ತಾವು ಬ್ಲ್ಯಾಕಿನಲ್ಲಿ ಟಿಕೆಟ್ ಕೊಂಡ ಕತೆ. ಮನಶ್ಶಾಸ್ತ್ರ ಓದಿ, ಹೆಣ್ಣಿನ ಮನಸ್ಸಿನ ಕಾಯಿಲೆಯನ್ನು ಮುಚ್ಚುಮರೆಯಿಲ್ಲದೆ ಬರೆದು, 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಲೇಖಕಿಯ ಪಾಲಿಗೆ ಉಳಿಯುವುದು "ಮಹಾತಾಯಿ" ಎಂಬ ಒಂದೇ ಮಾತು. ಕಾರ್ಯದರ್ಶಿ ಚೀಟಿ ಕಳಿಸುತ್ತಾರೆ. ಅಧ್ಯಕ್ಷರು ಅದನ್ನು ಅಭಿಮಾನಿಯ ಪತ್ರದಂತೆ ಜೇಬಿಗಿಳಿಸಿ ಮುಂದುವರಿಯುತ್ತಾರೆ.

ಇಂದಿರಾ ಅವರ 'ಫಣಿಯಮ್ಮ'ನ ದಿನ ಮಾತ್ರ ಎಡವಟ್ಟಾಯಿತು. ಅದೇ ಓಘದಲ್ಲಿ "ಇದನ್ನೂ ಪುಟ್ಟಣ್ಣನವರು ತೆರೆಗೆ ತಂದ ರೀತಿ..." ಅಂದುಬಿಟ್ಟರು.

"ಪ್ರೇಮಾ ಕಾರಂತ, ಸಾರ್." ಮೂರನೇ ಸಾಲಿನಿಂದ, ನಿವೃತ್ತ ಟೀಚರಮ್ಮ.

"ಅದನ್ನೇ ಹೇಳ್ತಿದ್ದೆ, ತಾಯಿ. ಪುಟ್ಟಣ್ಣನವರು ಮಾಡಿದ್ದು ಇದೇ ಇಂದಿರಾ ಅವರ 'ಗೆಜ್ಜೆಪೂಜೆ'." ಇದು ನಿಜವೇ. ಸಿನಿಮಾದ ಮಟ್ಟಿಗೆ ಅವರು ಪೂರ್ತಿ ಬರಿಗೈಯಲ್ಲ, ಪಾಪ.

ಟೀಚರಮ್ಮ ಎದ್ದು ನಿಂತರು. ಕೈಯಲ್ಲಿ ರಟ್ಟು ಕಿತ್ತುಬಂದ ಹಳೇ ಪ್ರತಿ, ಬೆನ್ನಿಗೆ ಕಂದು ಕಾಗದ ಅಂಟಿಸಿದ್ದು, ಅಂಚಿನ ತುಂಬ ಪೆನ್ಸಿಲ್ ಬರಹ. "ಬಾಲ್ಯದಲ್ಲೇ ವಿಧವೆಯಾಗಿ ಜೀವಮಾನವಿಡೀ ಮಡಿಯಲ್ಲಿದ್ದ ಫಣಿಯಮ್ಮ, ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಣಿಯ ಪರ ನಿಲ್ತಾಳಲ್ಲ, ಸಾರ್. ಅವಳೊಳಗೆ ಆ ಸಿಟ್ಟು ಯಾವಾಗಿಂದ ಇತ್ತು ಅಂತೀರಿ?"

ಅಧ್ಯಕ್ಷರು ಪುಸ್ತಕ ತೆರೆದರು. ಆಮಂತ್ರಣ ಪತ್ರಿಕೆ ಜಾರಿ ಬಿತ್ತು. "ಬಹಳ ಒಳ್ಳೆಯ ಪ್ರಶ್ನೆ. ಆದರೆ ಸಮಯದ ಅಭಾವ..." ಎಂದು ಕೈಗಡಿಯಾರ ನೋಡಿದರು. ಅಷ್ಟು ಹೊತ್ತಿಗೆ ಹಿಂದಿನ ಸಾಲುಗಳಲ್ಲಿ ಹೆಂಗಸರು ಫಣಿಯಮ್ಮನ ಸಿಟ್ಟಿನ ಲೆಕ್ಕ ಹಾಕತೊಡಗಿದ್ದರು. ಅವತ್ತಿನ ನಿಜವಾದ ಸಂವಾದ ನಡೆದದ್ದು ಅಲ್ಲೇ, ಮೈಕಿಲ್ಲದೆ.

ಸಂಘಟಕರಲ್ಲಿ ಒಂದು ವಿನಂತಿ: ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಅಧ್ಯಕ್ಷರಿಗೇ ಇರಲಿ. ಮೈಕನ್ನು ಮಾತ್ರ ಮೊದಲು ಮೂರನೇ ಸಾಲಿಗೆ ಕೊಡಿ.