ಲೇಖನಸ್ತಂಭ ಮೀಮಾಂಸೆ: ಸೂತ್ರ, ವೃತ್ತಿ, ಪೂರ್ವಪಕ್ಷ ಮತ್ತು ಪಥ್ಯ ಸಮೇತ

ಮಂಗಳಾಚರಣೆ

ವಿಘ್ನೇಶ್ವರನಿಗೆ ನಮಸ್ಕಾರ. ಆತನನ್ನು ಇಲ್ಲಿ ಕರೆದಿರುವುದು ಸಾಕ್ಷಿ ಹೇಳಲಿಕ್ಕೆ. ವ್ಯಾಸರು ಭಾರತ ಹೇಳಲು ಕೂತಾಗ, ಬರೆದುಕೊಳ್ಳಲು ಬಂದ ಗಣಪತಿ ಹಾಕಿದ ಕರಾರು ಒಂದೇ: ನಡುವೆ ನಿಲ್ಲಿಸಿದರೆ ಎದ್ದು ಹೋಗುತ್ತೇನೆ. ವ್ಯಾಸರು ಮರುಕರಾರು ಹಾಕಿದರು: ಅರ್ಥವಾಗದ ಹೊರತು ಬರೆಯಕೂಡದು. ಮುಂದಿನದು ತೋಚದಿದ್ದಾಗಲೆಲ್ಲ ಅವರು ಒಂದು ಕಗ್ಗಂಟಿನ ಶ್ಲೋಕ ಎಸೆಯುವರು; ಗಣಪ ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಮುಂದಿನವು ಸಿದ್ಧ. ನವ್ಯಕಾವ್ಯದ ಮೂಲ ಇಲ್ಲಿದೆ ಎಂಬ ವಾದವನ್ನು ಬೇರೊಂದು ಗ್ರಂಥಕ್ಕೆ ಕಾದಿರಿಸಿದ್ದೇವೆ. ಸದ್ಯಕ್ಕೆ ಬೇಕಾದ್ದು ಇಷ್ಟು: ಜಗತ್ತಿನ ಅತಿ ದೊಡ್ಡ ಕಾವ್ಯಗಳಲ್ಲೊಂದು ಮುಗಿದದ್ದು ಗಣಪತಿ ವರ ಕೊಟ್ಟದ್ದರಿಂದಲ್ಲ, ಹೆದರಿಸಿದ್ದರಿಂದ.

ಸೂತ್ರ 1: ಬರೆಯದವರೆಲ್ಲ ಸ್ತಂಭಿತರಲ್ಲ

ವೃತ್ತಿ: ಒಂದಕ್ಷರವೂ ಬರೆಯದ ಕೋಟ್ಯಂತರ ಜನ ಸುಖವಾಗಿದ್ದಾರೆ, ಅವರ ಆರೋಗ್ಯವನ್ನು ಕೆಡಿಸುವ ಉದ್ದೇಶ ಈ ಗ್ರಂಥಕ್ಕಿಲ್ಲ. ಬರೆಯಲೆಂದು ಕೂರುವುದು, ಬರೆಯದೆ ಏಳುವುದು, ಬರೆಯುತ್ತಿದ್ದೇನೆಂದು ಹೇಳಿಕೊಳ್ಳುವುದು, ಈ ಮೂರೂ ಒಬ್ಬನಲ್ಲೇ ಕೂಡಿದಾಗ ಸ್ತಂಭ ಎನ್ನಬೇಕು.

ಪಶ್ಚಿಮದಲ್ಲಿ ಈ ವ್ಯಾಧಿಗೆ ನಾಮಕರಣ ಮಾಡಿದವರು ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕರು, 1940ರ ದಶಕದಲ್ಲಿ. ಅದಕ್ಕೆ ಮುಂಚೆ ಲೇಖಕರು ಸುಮ್ಮನೆ ಬರೆಯುತ್ತಿರಲಿಲ್ಲ. ಆಮೇಲೆ ಅವರಿಗೆ ಕಾಯಿಲೆಯಿತ್ತು. ಈ ಕ್ಷೇತ್ರದ ಮೇರುಕೃತಿ ಬಂದದ್ದು 1974ರಲ್ಲಿ. ಡೆನ್ನಿಸ್ ಅಪರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸ್ತಂಭಕ್ಕೆ ತಾವೇ ಮಾಡಿಕೊಂಡ ಚಿಕಿತ್ಸೆ ಫಲಿಸಲಿಲ್ಲ ಎಂಬ ಶೀರ್ಷಿಕೆ ಕೊಟ್ಟು, ಅದರ ಕೆಳಗೆ ಏನನ್ನೂ ಬರೆಯದೆ ಒಂದು ಗಂಭೀರ ನಿಯತಕಾಲಿಕಕ್ಕೆ ಕಳಿಸಿದರು. ಪರಿಶೀಲಕರು ನಿಂಬೆರಸ, ಎಕ್ಸ್‌ರೇಗಳಿಂದ ಪರೀಕ್ಷಿಸಿಯೂ ದೋಷ ಕಾಣದೆ, ತಿದ್ದುಪಡಿಯಿಲ್ಲದೆ ಅಚ್ಚು ಹಾಕಬಹುದೆಂದರು. ಅಚ್ಚಾಯಿತು. ಅದರಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ. ನಮ್ಮ ವಿಶ್ವವಿದ್ಯಾಲಯಗಳ ಪ್ರಬಂಧಗಳ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲು ಬರುವುದಿಲ್ಲ.

ಸೂತ್ರ 2: ಅದು ನಾಲ್ಕು ಬಗೆ

ವೃತ್ತಿ: ಉಪಕರಣಜ, ಸ್ಥಳಜ, ಘೋಷಣಾಜ, ದ್ವಾರಜ ಎಂದು.

ಉಪಕರಣಜವು ಹಿಂದೆ ಪೆನ್ನಿನ ನಿಬ್ಬಿನಲ್ಲಿ ವಾಸವಾಗಿತ್ತು. ಈಗ ಕಂಪ್ಯೂಟರಿಗೆ ಸ್ಥಳಾಂತರಗೊಂಡಿದೆ. "ನುಡಿಯಲ್ಲಿ ಟೈಪ್ ಮಾಡಿದ್ದೆ ಸಾರ್, ಯುನಿಕೋಡಿಗೆ ಹಾಕುವಾಗ ಅರ್ಕಾವೊತ್ತೆಲ್ಲ ಹಾರಿಹೋಯ್ತು" ಎಂಬುದು ಇದರ ಮುಖ್ಯ ಲಕ್ಷಣ. ಅರ್ಕಾವೊತ್ತಿನ ಜೊತೆಗೆ ಕಥೆಯೂ ಹೇಗೆ ಹಾರಿತು ಎಂದು ಯಾರೂ ಕೇಳುವುದಿಲ್ಲ.

ಸ್ಥಳಜದ ರೋಗಿಗೆ ಸಕಲೇಶಪುರದ ಕಡೆ ಒಂದು ಹೋಂಸ್ಟೇ, ಎದುರಿಗೆ ಕಣಿವೆ, ಹಬೆಯಾಡುವ ಕಾಫಿ ಬೇಕು. ಇವೆಲ್ಲ ಒದಗಿದ ಮೇಲೆ ಕಣಿವೆ ನೋಡುತ್ತಾ ಕಾಫಿ ಕುಡಿಯುತ್ತಾನೆ. ಎಂ. ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ 'ತುಂಗಭದ್ರಾ' ಕಾದಂಬರಿ ಬಂದದ್ದು 1963ರಲ್ಲಿ, ನಡುವಿನದು ಸಂಸಾರ. ಕಣಿವೆ ಸಿಕ್ಕಿಲ್ಲವೆಂದು ಅವರು ದೂರಿದ ದಾಖಲೆ ನಮಗೆ ಸಿಕ್ಕಿಲ್ಲ.

ಘೋಷಣಾಜವು ಪುಸ್ತಕ ಬಿಡುಗಡೆಯ ಬಳಿಕ, ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಕೈಗೆ ಬಂದ ಕೂಡಲೇ ಉಲ್ಬಣಿಸುತ್ತದೆ. "ಏನು ಬರೀತಿದ್ದೀರಿ ಈಗ?" "ಒಂದು ದೊಡ್ಡ ಕಾದಂಬರಿ ಕಣ್ರೀ, ಮೂರು ತಲೆಮಾರಿಂದು." ಮುಂದಿನ ಬಿಡುಗಡೆಯ ಹೊತ್ತಿಗೆ ಅದು ನಾಲ್ಕು ತಲೆಮಾರಿನದಾಗಿರುತ್ತದೆ. ತಲೆಮಾರು ಸೇರುತ್ತದೆ, ಪುಟ ಸೇರುವುದಿಲ್ಲ. ಹೇಳಿ ಮುಗಿಸಿದ ಕಥೆಯನ್ನು ಬರೆಯುವುದು ದ್ವಿರುಕ್ತಿ ದೋಷವಾದೀತೆಂಬ ಅಂಜಿಕೆ ಇರಬೇಕು.

ದ್ವಾರಜವು ಅತ್ಯಂತ ಪ್ರಾಚೀನ. ನಮ್ಮ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ರೂಢಿಯಿತ್ತು. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂದಿರುಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಂಬುದು ಇಲ್ಲಿ ಗೃಹೀತ. ಇಂದಿನ ಕಾಲಕ್ಕೆ ಇದು ಸಣ್ಣ ಮಾತಲ್ಲ. ಆದರೆ ಓದು ಬಲ್ಲವರು ಇನ್ನೊಬ್ಬರೂ ಇದ್ದಾರೆ. ಬೆಳಗಿನ ಜಾವ ಸರಸ್ವತಿ ಬರುತ್ತಾಳೆ, ಬಾಗಿಲ ಬರಹ ನೋಡುತ್ತಾಳೆ, "ಆಗಲಿ" ಎಂದು ಹೊರಡುತ್ತಾಳೆ. ದೆವ್ವಕ್ಕಿಂತ ಮರ್ಯಾದಸ್ಥೆಯಾದ್ದರಿಂದ ಕದ ತಟ್ಟುವುದಿಲ್ಲ. ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಆಕೆಯನ್ನು ಒಳಗೇ ಕರೆದು ಕೂರಿಸುತ್ತೇವೆ. ಆಗ ಪುಸ್ತಕ, ಪೆನ್ನು ಎಲ್ಲ ಪೂಜೆಗಿಟ್ಟಿರುತ್ತೇವಾದ್ದರಿಂದ ಮುಟ್ಟುವಂತಿಲ್ಲ.

ಸೂತ್ರ 3: ಬಟ್ಟೆ ಒದ್ದೆಯಿರುವ ತನಕ ಕಾವ್ಯ

ವೃತ್ತಿ: ಕುಮಾರವ್ಯಾಸ ಗದುಗಿನ ವೀರನಾರಾಯಣ ದೇವಾಲಯದ ಕಂಬವೊಂದರ ಬಳಿ ಕೂತು ಬರೆದನೆಂದು ಐತಿಹ್ಯ. ಲೇಖಕನೂ ಸ್ತಂಭವೂ ಇಷ್ಟು ಅನ್ಯೋನ್ಯವಾಗಿದ್ದ ನಿದರ್ಶನ ಮತ್ತೊಂದಿಲ್ಲ. ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಕೂರುವನು. ಅದು ಆರುವ ತನಕ ಪದ್ಯ ಹರಿಯುವುದು. ಆರಿತೆಂದರೆ ಅಂದಿನ ಪಾಲು ಮುಗಿಯಿತು. 1980ರ ದಶಕದಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರವನ್ನು 25 ನಿಮಿಷಕ್ಕೆ ತಿರುಗಿಸಿಟ್ಟು, ಅದು ಬಡಿಯುವ ತನಕ ಮಾತ್ರ ಕೆಲಸ ಮಾಡುವ ಪದ್ಧತಿ ಕಂಡುಹಿಡಿದ. ಜಗತ್ತು ಅದನ್ನು ಕೊಂಡಾಡಿತು. ಗದುಗಿನ ಪಂಚೆಯನ್ನು ಕೇಳುವವರಿಲ್ಲ.

ಈ ಸೂತ್ರದಿಂದ ಕನ್ನಡದ ಸಾಹಿತ್ಯ ಪ್ರಕಾರಗಳ ಭೂಗೋಳವೂ ಸಿದ್ಧಿಸುತ್ತದೆ. ಬಳ್ಳಾರಿಯ ಏಪ್ರಿಲ್ಲಿನಲ್ಲಿ ಕವಿ ಪಂಚೆ ಹಿಂಡಿ ಕೂರುವಷ್ಟರಲ್ಲಿ ಅದು ಗರಿಗರಿ, ಹನಿಗವನಕ್ಕಷ್ಟೇ ಅವಕಾಶ. ಆಗುಂಬೆಯ ಜುಲೈನಲ್ಲಿ ಬಟ್ಟೆ ಒಣಗುವುದೇ ಇಲ್ಲ. ಆದಕಾರಣ ತೀರ್ಥಹಳ್ಳಿ ಸೀಮೆಯವರು ಮಹಾಕಾವ್ಯಕ್ಕಿಂತ ಕಡಿಮೆಯಾದದ್ದಕ್ಕೆ ಒಪ್ಪುವಂತಿಲ್ಲ.

ಪೂರ್ವಪಕ್ಷ: ಹಾಗಾದರೆ ಉತ್ತರ ಕನ್ನಡದ ಆ ಪರಿ ಮಳೆಯಲ್ಲಿ ದಿನಕರ ದೇಸಾಯಿಯವರು ನಾಲ್ಕೇ ಸಾಲಿನ ಚುಟುಕ ಬರೆದದ್ದು ಹೇಗೆ? ಸಮಾಧಾನ: ಅವರು ರೈತರ ಹೋರಾಟ ಕಟ್ಟುತ್ತಿದ್ದರು, ಬಟ್ಟೆ ಒಣಗುವ ತನಕ ಒಂದೆಡೆ ಕೂರಲು ಪುರುಸೊತ್ತಿರಲಿಲ್ಲ. ಸೂತ್ರಕ್ಕೆ ಬಾಧೆಯಿಲ್ಲ.

ಸೂತ್ರ 4: ದಿನಕ್ಕೆ ಏಳು ಸಾಲು ಮೀರದಂತೆ

ವೃತ್ತಿ: ಇಲ್ಲಿ ಗಣಿತ ಅನಿವಾರ್ಯ. ಪಂಪ 'ವಿಕ್ರಮಾರ್ಜುನ ವಿಜಯ'ವನ್ನು ಆರು ತಿಂಗಳಲ್ಲೂ 'ಆದಿಪುರಾಣ'ವನ್ನು ಮೂರು ತಿಂಗಳಲ್ಲೂ ಮುಗಿಸಿದೆನೆಂದು ತಾನೇ ಹೇಳಿಕೊಂಡಿದ್ದಾನೆ. ಮೊದಲನೆಯದರಲ್ಲಿ 14 ಆಶ್ವಾಸ, ಎರಡನೆಯದರಲ್ಲಿ 16. ಅಂದರೆ ವಿಜಯದ ಒಂದು ಆಶ್ವಾಸಕ್ಕೆ ಹದಿಮೂರು ದಿನ, ಪುರಾಣದ ಒಂದಕ್ಕೆ ಆರು ದಿನವೂ ಹಿಡಿದಿಲ್ಲ. ಈಗಿನವರು ಅದಕ್ಕಿಂತ ವೇಗವಾಗಿ ಪ್ರಕಾಶಕರಿಗೆ ಕೊಡುವುದು ಆಶ್ವಾಸನೆಯನ್ನು ಮಾತ್ರ.

ಪಂಪನನ್ನು ನೋಡಿ ಹೆದರಿದವರು ಕುವೆಂಪು ಅವರ ಲೆಕ್ಕ ಹಾಕಬೇಕು. 'ಶ್ರೀ ರಾಮಾಯಣ ದರ್ಶನಂ' ಸುಮಾರು 22 ಸಾವಿರ ಸಾಲು; ಬರೆಯಲು ಹಿಡಿದದ್ದು ಒಂಬತ್ತು ವರ್ಷ. ಭಾಗಿಸಿದರೆ ದಿನಕ್ಕೆ ಏಳು ಸಾಲೂ ತುಂಬುವುದಿಲ್ಲ. ಸಾಮಾನ್ಯ ಕನ್ನಡಿಗ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಚಿಕ್ಕಪ್ಪನ ಮಂಡಿನೋವಿಗೆ ಸಲಹೆ ಕೊಡುತ್ತಾ ಬೆಳಗಿನ ತಿಂಡಿಗೆ ಮುಂಚೆಯೇ ಇದನ್ನು ಮೀರಿರುತ್ತಾನೆ. ಅವನಿಗೆ ಜ್ಞಾನಪೀಠ ಬಾರದಿರುವುದಕ್ಕೆ ಕಾರಣ ಒಂಬತ್ತು ವರ್ಷವೂ ಅದೇ ಮಂಡಿಯ ಬಗ್ಗೆ ಬರೆಯದಿರುವುದು.

ಏಳು ಸಾಲು ಸಾಲದೆನ್ನುವವರಿಗೆ ಇಂಗ್ಲೆಂಡಿನ ಕಾದಂಬರಿಕಾರ ಆಂಥನಿ ಟ್ರಾಲಪ್ ನಿದರ್ಶನ; ಅವರು ಅಂಚೆ ಇಲಾಖೆಯ ಅಧಿಕಾರಿ. ಬೆಳಗ್ಗೆ ಐದೂವರೆಗೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆದು ಆಮೇಲೆ ಆಫೀಸಿಗೆ ಹೋಗುತ್ತಿದ್ದರು. ಈ ಗುಟ್ಟು ಅವರ ಆತ್ಮಕಥೆಯಲ್ಲಿ 1883ರಲ್ಲಿ ಬಯಲಾದಾಗ ವಿಮರ್ಶಕರಿಗೆ ಮುಜುಗರವಾಯಿತು. ಸ್ಫೂರ್ತಿಗಾಗಿ ಕಾಯದೆ ಬರೆಯುವುದು ಅವರ ದೃಷ್ಟಿಯಲ್ಲಿ ಕರೆಯದ ಮದುವೆಗೆ ಹೋಗಿ ಉಂಡಂತೆ.

ಸೂತ್ರ 5: ಕೇಳುವವರಿದ್ದಲ್ಲಿ ಸ್ತಂಭವಿಲ್ಲ

ವೃತ್ತಿ: ಇದು ಗ್ರಂಥದ ಸಿದ್ಧಾಂತ ಸೂತ್ರ. ಪ್ರಮಾಣಕ್ಕೆ ಒಂದು ಹಸ್ತಪ್ರತಿಯನ್ನು ಪರಿಶೀಲಿಸೋಣ. ಸಹಕಾರಿ ಬ್ಯಾಂಕೊಂದು ಷೇರುದಾರರಿಗೆ ಹಂಚಿದ ಡೈರಿ, ರೆಕ್ಸಿನ್ ಹೊದಿಕೆ, ಒಳರಟ್ಟಿನ ಮೇಲೆ ಅರಿಸಿನದ ಬೆರಳಗುರುತು. ಪ್ರತಿಯಲ್ಲಿ ಇಬ್ಬರು ಲಿಪಿಕಾರರ ಕೈಬರಹ ಕಾಣುತ್ತದೆ.

ಮೊದಲನೆಯದು ಮನೆಯ ಯಜಮಾನರಾದ ಕವಿಯದು, ಹಸಿರು ಶಾಯಿ. ಜನವರಿ 1: "ಇಂದಿನಿಂದ ನಿತ್ಯ ಒಂದು ಪುಟ." ಜನವರಿ 2: ಎಂಟು ಸಾಲಿನ ಪದ್ಯ, ಆರು ಸಾಲು ಹೊಡೆದುಹಾಕಿದೆ. ಜನವರಿ 3: "ಮೂಡ್ ಇಲ್ಲ." ಜನವರಿ 4: ಒಂದು ನವಿಲಿನ ಚಿತ್ರ, ಕಾಲು ಬರೆದಿಲ್ಲ. ಅಲ್ಲಿಗೆ ಈ ಕೈ ಲುಪ್ತ.

ಜನವರಿ 5ರಿಂದ ಎರಡನೆಯ ಕೈ, ನೀಲಿ ಬಾಲ್‌ಪೆನ್ನು. "ಹಾಲು 1 ಲೀ." "ಹಾಲು 1. ನೀರು ಜಾಸ್ತಿ, ಹೇಳಬೇಕು." "ಹೇಳಿದೆ." "ಹಾಲು 1. ಪರವಾಗಿಲ್ಲ." "ಬರಲಿಲ್ಲ. ಎಮ್ಮೆ ಈಯ್ದಿದೆಯಂತೆ." "ಗಿಣ್ಣುಹಾಲು ಕೊಟ್ಟ. ದುಡ್ಡು ಬೇಡ ಅಂದ." ಹೀಗೆ ಡಿಸೆಂಬರ್ 31ರ ತನಕ ಒಂದು ದಿನವೂ ತಪ್ಪಿಲ್ಲ. ಸಂಶಯ, ಮುಖಾಮುಖಿ, ವಿರಹ, ಪುನರ್ಮಿಲನ, ಪಾತ್ರದ ಅನಿರೀಕ್ಷಿತ ಔದಾರ್ಯ, ಎಲ್ಲವೂ ಆರು ನಮೂದಿನಲ್ಲಿ, ವಿಶೇಷಣದ ಹಂಗಿಲ್ಲ. ಒಂದೇ ಮನೆ, ಒಂದೇ ಡೈರಿ, ಒಂದೇ ಕಾಫಿ. ಒಬ್ಬರಿಗೆ ನಾಲ್ಕೇ ದಿನದಲ್ಲಿ ಸ್ತಂಭ, ಇನ್ನೊಬ್ಬರಿಗೆ ವರ್ಷವಿಡೀ ಇಲ್ಲ. ವ್ಯತ್ಯಾಸ ಒಂದೇ. ತಿಂಗಳ ಕೊನೆಗೆ ಹಾಲಿನವನು ಬಾಗಿಲಲ್ಲಿ ನಿಂತು "ಅಮ್ಮಾ, ಲೆಕ್ಕ" ಎನ್ನುತ್ತಾನೆ. "ಅಯ್ಯಾ, ಪದ್ಯ" ಎಂದು ಯಾರೂ ಬರುವುದಿಲ್ಲ.

ಪರಂಪರೆಯೂ ಇದನ್ನೇ ಹೇಳುತ್ತದೆ. ಮುದ್ದಣನ 'ಶ್ರೀರಾಮಾಶ್ವಮೇಧ'ದಲ್ಲಿ ಮನೋರಮೆ ಕಥೆ ಬೇಕೆಂದು ಹಟ ಹಿಡಿಯುತ್ತಾಳೆ, ನಡುವೆ ಬಾಯಿ ಹಾಕುತ್ತಾಳೆ, ಸಂಸ್ಕೃತ ಹೆಚ್ಚಾದರೆ ತಕರಾರು ತೆಗೆಯುತ್ತಾಳೆ; ಕಥೆ ಮುಂದೆ ಸಾಗದೆ ಗತ್ಯಂತರವಿಲ್ಲ. ಕೈಲಾಸಂ ನಾಟಕ ಹೇಳುತ್ತಾ ಹೋಗುತ್ತಿದ್ದರು, ಎದುರಿಗಿದ್ದವರು ಬರೆದುಕೊಳ್ಳುತ್ತಿದ್ದರು. ಟ್ರಾಲಪ್ ಕೂಡ ತಮ್ಮನ್ನು ಎಬ್ಬಿಸಿ ಕಾಫಿ ಕೊಡುವ ಆಳಿಗೆ ವರ್ಷಕ್ಕೆ 5 ಪೌಂಡು ಹೆಚ್ಚಿಗೆ ಕೊಟ್ಟು, ತಮ್ಮ ಯಶಸ್ಸಿಗೆ ಬೇರೆಲ್ಲರಿಗಿಂತ ಅವನಿಗೇ ಹೆಚ್ಚು ಋಣಿ ಎಂದರು.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1980ರ ದಶಕದಲ್ಲಿ ಅಧ್ಯಾಪಕರನ್ನು ಮೂರು ಗುಂಪು ಮಾಡಿದರು: ಬರೆಯದೆ ಇರುವವರು, ಮನಸ್ಸು ಬಂದಾಗ ಬರೆಯುವವರು, ದಿನದ ಪಾಲು ಬರೆಯದಿದ್ದರೆ ತಾವು ದ್ವೇಷಿಸುವ ಸಂಸ್ಥೆಗೆ ಚೆಕ್ಕು ಹೋಗುವಂಥವರು. ಪುಟಗಳು ಹೆಚ್ಚು ಬಂದದ್ದು ಮೂರನೆಯ ಗುಂಪಿನಿಂದ, ಅದರಲ್ಲಿ ಆಶ್ಚರ್ಯವಿಲ್ಲ. ಹೊಸ ಯೋಚನೆಗಳೂ ಅವರಿಗೇ ಹೆಚ್ಚು ಹೊಳೆದವು. ಯೋಚನೆ ಬಂದ ಮೇಲೆ ಬರೆಯುತ್ತೇನೆಂದು ಕೂತವರು ಕ್ರಮವನ್ನೇ ತಿರುವುಮುರುವು ಮಾಡಿಕೊಂಡಿದ್ದರು. ಕನ್ನಡಕ್ಕೆ ಈ ಪ್ರಯೋಗ ಅಳವಡಿಸುವುದು ಸುಲಭ: ಬರೆಯದ ದಿನ, ತಮಗಾಗದ ಸಾಹಿತಿಯ ಅಭಿನಂದನ ಗ್ರಂಥಕ್ಕೆ ಐನೂರು ರೂಪಾಯಿ ವಂತಿಗೆ.

ಪಥ್ಯ

ಒಂದು: ಹೊತ್ತು ನಿಗದಿಯಿರಲಿ, ಪ್ರಮಾಣ ಸಣ್ಣದಿರಲಿ. ಕೆಟ್ಟ ಸಾಲಿಗೂ ಹಾಜರಿ ಕೊಡಿ; ತಿದ್ದಲು ಏನಾದರೂ ಇರಬೇಕಲ್ಲ. ಎರಡು: ಮುಂದೇನೆಂದು ಗೊತ್ತಿರುವಾಗಲೇ ನಿಲ್ಲಿಸಿ. ಹೆಮಿಂಗ್ವೆ ಹೀಗೆ ಮಾಡುತ್ತಿದ್ದರು. ನಮ್ಮ ಟಿವಿ ಧಾರಾವಾಹಿಗಳೂ ದಿನಾ ರಾತ್ರಿ ಮಾಡುತ್ತವೆ. ಮೂರು: ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗ ಕಾದಂಬರಿಯ ಮಾತು ವರ್ಜ್ಯ. ನಾಲ್ಕು: ಕೇಳುವ ಒಬ್ಬರನ್ನು ನೇಮಿಸಿಕೊಳ್ಳಿ. ಮೆಚ್ಚುವವರು ಬೇಡ, ಅವರು ಬರೆಯದಿದ್ದರೂ ಮೆಚ್ಚುತ್ತಾರೆ. "ಎಲ್ಲಿ?" ಎನ್ನುವವರು ಬೇಕು.

ಫಲಶ್ರುತಿ

ಈ ಗ್ರಂಥವನ್ನು ಬೆಳಗ್ಗೆ ಓದಿದವರಿಗೆ ಬೆಳಗಿನ ಬರಹ ತಪ್ಪುವುದು. ಸಂಜೆ ಓದಿದವರಿಗೆ ಸಂಜೆಯದು. ಎರಡು ಹೊತ್ತೂ ಓದಿದವರು ಇದರ ಮೇಲೆಯೇ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳಬಹುದು, ಅಲ್ಲಿ ಮಾರ್ಗದರ್ಶಕರು ಅಧ್ಯಾಯ ಕೇಳುವರಾದ್ದರಿಂದ ಐದನೆಯ ಸೂತ್ರದಂತೆ ಗುಣವಾಗುವರು.

ಗಡುವು ಮೀರಿ, ಸಂಪಾದಕರ ಫೋನು ಬಡಿದುಕೊಳ್ಳುತ್ತಿರುವ ಶುಭಮುಹೂರ್ತದಲ್ಲಿ ಪ್ರಥಮ ಸಂಪುಟ ಸಂಪೂರ್ಣವಾಯಿತು. ಎರಡನೆಯ ಸಂಪುಟವನ್ನು ಯಾರೂ ಕೇಳಿಲ್ಲ. ಆದಕಾರಣ ಅದು ಇಲ್ಲ.