ಕಡಲತಡಿ ಸ್ಪಾ-ವಾಸ ಮೀಮಾಂಸೆ: ವೈಟ್‌ಫೀಲ್ಡ್ ಪಾಠ

ಯಾವುದೇ ಶಾಸ್ತ್ರಗ್ರಂಥಕ್ಕೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳಿರಬೇಕೆಂದು ಹಿರಿಯರ ಕಟ್ಟಳೆ. ಸ್ಪಾ-ವಾಸಕ್ಕೆ ಐದನೆಯದೊಂದು ಬೇಕು: ಮ್ಯಾನೇಜರರ ಅಪ್ರೂವಲ್. ಅದು ಶುಕ್ರವಾರ ಸಂಜೆ ಐದೂವರೆಗೆ ಬಂತೆಂದು ಭಾವಿಸಿ ಗ್ರಂಥವನ್ನು ಆರಂಭಿಸುತ್ತೇವೆ.

ಅಧಿಕಾರಿಯೆಂದರೆ ಇಲ್ಲಿ ತಹಸೀಲ್ದಾರನಲ್ಲ. ಫಲಕ್ಕೆ ಯೋಗ್ಯನಾದವನು, ಅರ್ಥಾತ್ ಸಾಕಷ್ಟು ದಣಿದವನು. ಬೆಂಗಳೂರಿನ ಅಂಚಿನಲ್ಲಿ ಇಂಥವರು ಮೂರು ಬಗೆ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರು ಬೇಸಾಯ ಮಾಡಿಕೊಂಡು ತಣ್ಣಗಿರಲೆಂದು ಹುಟ್ಟಿದ ಊರು ವೈಟ್‌ಫೀಲ್ಡ್. ಇಂದು ಅಲ್ಲಿಂದಲೇ ಜನ ತಣ್ಣಗಿರಲು ಬೇರೆಡೆಗೆ ಓಡುತ್ತಾರೆಂಬುದನ್ನು ಇತಿಹಾಸಕಾರರು ಗಮನಿಸಬೇಕು. ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಬ್ಬಿಸಿದ ಎಲೆಕ್ಟ್ರಾನಿಕ್ ಸಿಟಿಯವರು ಎರಡನೆಯ ಬಗೆ. ಇವರ ದಣಿವಿನ ಮುಕ್ಕಾಲು ಪಾಲು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಆಗಿರುವುದರಿಂದ ಅದು ಸ್ಪಾದ ಲೆಕ್ಕಕ್ಕೆ ಬರುವುದಿಲ್ಲ. ಮೂರನೆಯವನು ಪೀಣ್ಯದ ಲೇತ್ ಆಪರೇಟರು. ಆತ ಶಿಫ್ಟಿನುದ್ದಕ್ಕೂ ಮೊಣಕೈವರೆಗೆ ಕಟಿಂಗ್ ಆಯಿಲಿನಲ್ಲೇ ಇರುವುದರಿಂದ ಅವನಿಗೆ ಮತ್ತೆ ಎಣ್ಣೆ ಹಚ್ಚಿದರೆ ಪುನರುಕ್ತಿದೋಷ. ಭಾನುವಾರವೂ ಓಟಿ ಮಾಡುವ ಅವನ ಕೈಗೆ ಈ ಗ್ರಂಥ ಸಿಗುವ ಸಂಭವವೂ ಇಲ್ಲ. ಆದಕಾರಣ ವೈಟ್‌ಫೀಲ್ಡಿನವನೇ ನಮ್ಮ ಅಧಿಕಾರಿ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ‘ನೀರೇ ಬೇಕಿದ್ದರೆ ನಾನೂರು ಕಿಲೋಮೀಟರ್ ಯಾಕೆ? ಮಗ್ಗುಲಲ್ಲೇ ವರ್ತೂರು ಕೆರೆಯಿಲ್ಲವೆ? 2015ರಲ್ಲಿ ಅದರ ನೊರೆ ಗಾಳಿಗೆ ಹಾರಿ ರಸ್ತೆಗೇ ಬಂದಿತ್ತು. ಯಾವ ಸ್ಪಾದ ತೊಟ್ಟಿಯಲ್ಲಿ ಅಷ್ಟು ನೊರೆ ಬರುತ್ತದೆ? 2022ರ ಸೆಪ್ಟೆಂಬರಿನ ಮಳೆಯಲ್ಲಿ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದದ್ದು ಜಲವಿಹಾರವಲ್ಲದೆ ಮತ್ತೇನು?’

ವಾದ ಗಟ್ಟಿಯಾಗಿದೆ, ಉತ್ತರ ತರ್ಕಶಾಸ್ತ್ರದಲ್ಲಿದೆ. ಹೊಗೆಯಿದ್ದಲ್ಲಿ ಬೆಂಕಿ ಎಂದು ಸಾಧಿಸುವಾಗ ನೈಯಾಯಿಕರು ಅಡುಗೆಮನೆಯನ್ನು ಸಪಕ್ಷವಾಗಿಯೂ ಕೆರೆಯನ್ನು ವಿಪಕ್ಷವಾಗಿಯೂ ಹೇಳುತ್ತಾರೆ. ಕೆರೆಯಲ್ಲಿ ಬೆಂಕಿಯಿಲ್ಲ, ಹಾಗಾಗಿ ಹೊಗೆಯೂ ಇಲ್ಲ. ಶತಮಾನಗಳ ಕಾಲ ಪಾಠಶಾಲೆಗಳಲ್ಲಿ ಹುಡುಗರು ಉರುಹೊಡೆದ ಈ ದೃಷ್ಟಾಂತವನ್ನು ಬೆಳ್ಳಂದೂರು ಕೆರೆ 2015ರಲ್ಲೊಮ್ಮೆ, 2017ರಲ್ಲೊಮ್ಮೆ ಹೊತ್ತಿ ಉರಿದು ಕೆಡಿಸಿಬಿಟ್ಟಿತು. ನ್ಯಾಯದರ್ಶನಕ್ಕೆ ಬೌದ್ಧರಿಂದಲೂ ಇಷ್ಟು ಪೆಟ್ಟು ಬಿದ್ದಿರಲಿಕ್ಕಿಲ್ಲ. ತರ್ಕವನ್ನೇ ಸುಟ್ಟ ನೀರಿನ ಬದಿಯಲ್ಲಿ ವಿಶ್ರಾಂತಿ ಸಲ್ಲದು, ಸಮುದ್ರಕ್ಕೇ ಹೋಗಬೇಕು.

ಹೋಗುವ ಬಗೆ. ವೈಟ್‌ಫೀಲ್ಡಿನಿಂದ ನೆಲಮಂಗಲದವರೆಗಿನ ದಾರಿಯನ್ನು ಪ್ರಾಚೀನರು ‘ಪ್ರವಾಸ’ವೆಂದೂ ನವೀನರು ‘ಪಿಕಪ್’ ಎಂದೂ ಕರೆಯುತ್ತಾರೆ. ಆಮೇಲಿನದು ಸ್ಲೀಪರ್ ಬಸ್ಸು. ಶಿರಾಡಿಯ ತಿರುವುಗಳಲ್ಲಿ ಅಪ್ಪರ್ ಬರ್ತಿನ ಅಧಿಕಾರಿ ಎಡಕ್ಕೂ ಬಲಕ್ಕೂ ಉರುಳಿ ಮೈಯೆಲ್ಲ ಮರ್ದನವಾಗುತ್ತದೆ. ಇದು ಪ್ಯಾಕೇಜಿನಲ್ಲಿ ನಮೂದಾಗದ ಪುಕ್ಕಟೆ ಸೇವೆ. ಒಂದು ಕಾಲಕ್ಕೆ ಘಟ್ಟವನ್ನು ಜನ ಹತ್ತುತ್ತಿದ್ದುದು ಬಡಿಸುವುದಕ್ಕೆ. ಕೋಟ ಕಡೆಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಅಜ್ಜ ಇಡ್ಲಿ ಬಡಿಸಲು ಹತ್ತಿದ ಘಟ್ಟವನ್ನು ಮೊಮ್ಮಗ ಬಡಿಸಿಕೊಳ್ಳಲು ಇಳಿಯುತ್ತಿದ್ದಾನೆ. ಬೆಳಗಿನ ಬಫೆಯಲ್ಲಿ ಅವನಿಗೆ ಸಿಗುವುದು ನೀರುದೋಸೆ. ಅದರ ಮುಂದಿನ ಚೀಟಿಯಲ್ಲಿ ‘ರೈಸ್ ಕ್ರೇಪ್’ ಎಂದಿರುತ್ತದೆ. ತೆಳ್ಳಗಾಗಿದ್ದು ಹೆಸರು ಮಾತ್ರ. ದೋಸೆ ದಪ್ಪವೇ ಇತ್ತು.

ಇನ್ನು ವಿಷಯ, ಅಂದರೆ ಅಭ್ಯಂಗ. ಎಣ್ಣೆಯನ್ನು ದಿನವೂ ಹಚ್ಚಿಕೊಳ್ಳಬೇಕು, ನೆತ್ತಿ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ ಹಚ್ಚಬೇಕು ಎಂದು ವಾಗ್ಭಟ ವಿಧಿಸಿದ್ದಾನೆ. ವಾಗ್ಭಟನಿಗೆ ಅಪಾಯಿಂಟ್‌ಮೆಂಟಿನ ಕಲ್ಪನೆ ಇರಲಿಲ್ಲ. ಇಲ್ಲಿ ಅರುವತ್ತು ನಿಮಿಷದ ಎಣ್ಣೆಗೆ ಒಂದು ದರ, ತೊಂಬತ್ತಕ್ಕೆ ಇನ್ನೊಂದು, ತೆರಿಗೆ ಬೇರೆ. ದೀಪಾವಳಿಯ ಮುನ್ನಾದಿನ ಹಂಡೆಗೆ ನೀರು ತುಂಬಿ, ನಸುಕಿಗೆ ಒಲೆ ಉರಿಸಿ, ಬಚ್ಚಲಲ್ಲಿ ಕೂರಿಸಿ ತಲೆಗೆ ತಟ್ಟುತ್ತಿದ್ದ ಎಣ್ಣೆಯೂ ಇದೇ ತೆಂಗಿನೆಣ್ಣೆ. ಆಗ ಅಧಿಕಾರಿ ಸೀಗೆಪುಡಿ ಕಣ್ಣಿಗೆ ಬಿತ್ತೆಂದು ಬೊಬ್ಬೆ ಹೊಡೆದು ಓಡಿಹೋಗುತ್ತಿದ್ದ. ಈಗ ಮುಂಗಡ ಕಟ್ಟಿ ಕೂತಿದ್ದಾನೆ. ಓಡಿದ್ದಕ್ಕೆ ಬಡ್ಡಿಯೆಂದು ಲೆಕ್ಕ ಹಿಡಿಯಬಹುದು.

ಸಂಬಂಧವೆಂದರೆ ಲ್ಯಾಪ್‌ಟಾಪು. ಅದೂ ಜೊತೆಗೆ ಬಂದಿದೆ. ಹೆಚ್ಚು ಹೇಳುವುದೇನಿಲ್ಲ.

ಪ್ರಯೋಜನಕ್ಕೆ ಬರುವ ಮೊದಲು, ಇಷ್ಟರವರೆಗೆ ಮುಚ್ಚಿಟ್ಟ ಸಂಗತಿಯೊಂದನ್ನು ಈಗ ಬಿಡಿಸಲೇಬೇಕು. ಅಧಿಕಾರಿ ತಂಗಿದ್ದು ಕುಂದಾಪುರದ ಕಡೆ, ಮರವಂತೆಗೂ ಕೋಡಿಗೂ ನಡುವೆ ಎಲ್ಲೋ. ಅವನ ಹುಟ್ಟುಮನೆ ಅಲ್ಲಿಂದ ರಿಕ್ಷಾದಲ್ಲಿ ಇಪ್ಪತ್ತು ನಿಮಿಷ. ಮನೆಗೆ ಹೋದರೆ ಕಾಯಿ ಕೀಳಿಸಿದ ಲೆಕ್ಕ, ಪಂಪ್‌ಸೆಟ್ಟಿನ ರಿಪೇರಿ, ದೇವಸ್ಥಾನದ ಚಂದಾ, ಮದುವೆ ಯಾವಾಗ ಎಂಬ ಪ್ರಶ್ನೆ. ಇವೆಲ್ಲ ವಿಶ್ರಾಂತಿಯ ಲಕ್ಷಣದೊಳಗೆ ಬರುವುದಿಲ್ಲವೆಂದು ಅವನ ಸಿದ್ಧಾಂತ. ಆದುದರಿಂದ ಅಮ್ಮನಿಗೆ ತಿಳಿಸಿಲ್ಲ.

ತಿಳಿಯದೆ ಇರುವುದು ಸಾಧ್ಯವೆ? ನೈಯಾಯಿಕರ ಪ್ರಕಾರ ಜ್ಞಾನಕ್ಕೆ ಪ್ರಮಾಣಗಳು ನಾಲ್ಕು. ಪ್ರತ್ಯಕ್ಷವನ್ನು ಅಧಿಕಾರಿ ಜಾಣತನದಿಂದ ತಡೆದಿದ್ದ: ಅಲೆಗಳ ಮುಂದೆ ಕಾಲು ಚಾಚಿದ ಫೋಟೋವನ್ನು ಅಮ್ಮನಿಗೆ ಕಾಣದ ಹಾಗೆ ಸ್ಟೇಟಸ್ಸಿಗೆ ಹಾಕಿದ್ದ. ಅನುಮಾನಕ್ಕೂ ಎಡೆಯಿರಲಿಲ್ಲ, ಅದರ ಕಥೆ ಬೆಳ್ಳಂದೂರಿನಲ್ಲೇ ಮುಗಿದಿದೆ. ಉಪಮಾನವಂತೂ ಕುಂದಾಪುರದ ತಾಯಂದಿರಿಗೆ ನೆರೆಮನೆಯ ಮಗನನ್ನು ತೋರಿಸುವುದಕ್ಕಷ್ಟೇ ಬಳಕೆಯಾಗುತ್ತದೆ. ಉಳಿದದ್ದು ಶಬ್ದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಮೈಗೆ ಬಿಳಿ ಗೌನು ಸುತ್ತಿಕೊಂಡು ಅಧಿಕಾರಿ ಕಡಲಿಗೆ ಮುಖಮಾಡಿ ಕೂತಿದ್ದಾಗ ಫೋನು ಬಂತು.

‘ಎಲ್ಲಿದ್ಯಾ ಮಗಾ?’

‘ರೂಮಂಗೇ ಇದ್ದೆ ಅಮ್ಮ, ಬೆಂಗ್ಳೂರಂಗೆ.’

ಆಚೆ ಮಾತಿಲ್ಲ. ಈಚೆ ಒಂದು ದೊಡ್ಡ ಅಲೆ ಬಂದು ಒಡೆಯಿತು, ಹಿಂದೆಯೇ ಇನ್ನೊಂದು.

‘ಬೆಂಗ್ಳೂರಿಗೆ ಕಡ್ಲ್ ಯಾವಾಗ ಬಂತ್?’

ಅಧಿಕಾರಿ ಫೋನಿಗೆ ಕೈ ಅಡ್ಡ ಹಿಡಿದ. ಮೂರನೆಯ ಅಲೆ ಅದನ್ನು ಲೆಕ್ಕಕ್ಕಿಡಲಿಲ್ಲ.

‘ಮಧ್ಯಾಹ್ನ ಉಂಬುಕೆ ಬಾ,’ ಎಂದರು ಅಮ್ಮ. ‘ಪಂಪ್ ಹಾಳಾಯಿತ್.’